ವಿಮಾಗಣಿತ: ಪಾಠ ತರಗತಿಯಲ್ಲಿ, ಪಳಗುವುದು ಕಚೇರಿಯಲ್ಲಿ

ಸರ್ಕಾರಿ ನೌಕರರ ಮನೆಯ ವಿದ್ಯಾರ್ಥಿಗಳು ತಂದೆ ಅಥವಾ ತಾಯಿಯ ಸಂಬಳದ ಚೀಟಿಯನ್ನು ಒಮ್ಮೆ ಗಮನಿಸಿ. ಅದರಲ್ಲಿ ‘ಕೆಜಿಐಡಿ’ ಎಂಬ ಹೆಸರಿನಲ್ಲಿ ತಿಂಗಳು ತಿಂಗಳೂ ಒಂದಿಷ್ಟು ಹಣ ಕಡಿತವಾಗಿರುತ್ತದೆ. ಅದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಗೆ ಸಲ್ಲುವ ಜೀವವಿಮೆಯ ಕಂತು. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ ವ್ಯವಸ್ಥೆಯ ಮುಂದುವರಿಕೆಯಿದು. ಯಾರು ಎಷ್ಟು ವರ್ಷ ಬದುಕುತ್ತಾರೆಂದು ಯಾರಿಗೂ ತಿಳಿಯದು. ಹಾಗಿರುವಾಗ ಈ ಕಂತು ಇಷ್ಟೇ ಇರಬೇಕೆಂದು ನಿರ್ಧರಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವೇ ಆಕ್ಚುರಿಯಲ್ ಸೈನ್ಸ್. ಕನ್ನಡದಲ್ಲಿ ಇದನ್ನು ವಿಮಾಗಣಿತ ಎನ್ನಬಹುದು. ಇದರಲ್ಲಿ ಪರಿಣತಿ ಪಡೆದವರು ಆಕ್ಚುವರಿಗಳು. ದೂರದರ್ಶನದ ಅರ್ಧ ಗಂಟೆಯ ಮಾತುಕತೆಯಲ್ಲಿ ಅಂಕಿಗಳನ್ನು ಬಿಡಿಸಿ ಹೇಳಲು ಸಮಯ ಸಾಲದು. ಆದ್ದರಿಂದ ಈ ವಿದ್ಯೆಯ ತಿರುಳನ್ನೂ, ಇದನ್ನು ಕೆಲವು ವಿಶ್ವವಿದ್ಯಾಲಯಗಳು ಕಚೇರಿಯ ಕೆಲಸದೊಡನೆ ಬೆಸೆದು ಕಲಿಸುವುದೇಕೆ ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಧೂಮಕೇತುವಿನ ವಿಜ್ಞಾನಿಯ ಪಟ್ಟಿ

ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿಯನ್ನು ನೀವೆಲ್ಲ ಬಲ್ಲಿರಿ. ಬ್ರೆಸ್ಲಾವ್ ಎಂಬ ಊರಿನ (ಇಂದು ಅದು ಪೋಲೆಂಡಿನಲ್ಲಿದೆ) ಜನನ ಮರಣಗಳ ದಾಖಲೆಯನ್ನು ಆಧರಿಸಿ ಆತ 1693ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದ. 1000 ಶಿಶುಗಳಿಂದ ಆರಂಭವಾಗುವ ಆ ಪಟ್ಟಿಯಲ್ಲಿ 20ನೆಯ ವಯಸ್ಸಿಗೆ ಉಳಿಯುವವರು 598 ಮಂದಿ, 60ಕ್ಕೆ 242 ಮಂದಿ. ಒಬ್ಬನ ಸಾವು ಯಾವಾಗ ಎಂದು ಹೇಳಲಾಗದಿದ್ದರೂ ಸಾವಿರ ಜನರಲ್ಲಿ ಎಷ್ಟು ಮಂದಿ ಎಂದು ಅಂದಾಜು ಮಾಡಬಹುದು. ವಿಮೆಯ ಇಡೀ ಕಟ್ಟಡ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಆದರೆ ಕೋಷ್ಟಕ ಯಾರ ಬದುಕಿನಿಂದ ಹುಟ್ಟಿತೋ ಅಂಥವರಿಗಷ್ಟೇ ಅದು ಚೆನ್ನಾಗಿ ಹೊಂದುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತೀಯರಿಗೆ ವಿಮೆ ಕೊಡುತ್ತಿದ್ದ ವಿದೇಶಿ ಕಂಪನಿಗಳು ಹೆಚ್ಚುವರಿ ಕಂತು ವಸೂಲು ಮಾಡುತ್ತಿದ್ದವು. ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟದ್ದು 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುಯಲ್ ಸಂಸ್ಥೆ. 1912ರ ಕಾನೂನು ವಿಮಾ ದರಗಳಿಗೆ ಆಕ್ಚುವರಿಯ ದೃಢೀಕರಣವನ್ನು ಕಡ್ಡಾಯ ಮಾಡಿತು.

ಬಡ್ಡಿ ಇಳಿದರೆ ಏನಾಗುತ್ತದೆ?

ಮರಣದ ಲೆಕ್ಕಕ್ಕೆ ಜೊತೆಯಾಗುವುದು ಬಡ್ಡಿಯ ಲೆಕ್ಕ. ಹೈಸ್ಕೂಲಿನಲ್ಲಿ ಕಲಿತ ಚಕ್ರಬಡ್ಡಿಯನ್ನು ಹಿಂದುಮುಂದು ಮಾಡಿ ನೋಡಿ. 40 ವರ್ಷಗಳ ನಂತರ 1 ಲಕ್ಷ ರೂಪಾಯಿ ಕೊಡುತ್ತೇವೆಂದು ಒಂದು ಸಂಸ್ಥೆ ಇಂದು ಮಾತು ಕೊಟ್ಟಿದೆ ಎನ್ನೋಣ. ಶೇಕಡಾ 7ರ ಬಡ್ಡಿ ಬರುವುದಾದರೆ ಅದಕ್ಕಾಗಿ ಇಂದು ತೆಗೆದಿಡಬೇಕಾದ ಹಣ ಸುಮಾರು 6,680 ರೂಪಾಯಿ. ಬಡ್ಡಿ ಶೇಕಡಾ 5 ಆದರೆ? ಸುಮಾರು 14,200 ರೂಪಾಯಿ! ಬಡ್ಡಿ 2 ಅಂಶ ಇಳಿದರೆ ಹೊರೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಸೂತ್ರ ಎರಡೂ ಕಡೆ ಒಂದೇ. ಬದಲಾದದ್ದು ಅದಕ್ಕೆ ನಾವು ಕೊಟ್ಟ ಊಹೆ ಮಾತ್ರ.

ಈ ಊಹೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಈಕ್ವಿಟೆಬಲ್ ಸಂಸ್ಥೆ ದೊಡ್ಡ ಉದಾಹರಣೆ. ಇದು 1762ರಲ್ಲಿ ಸ್ಥಾಪನೆಯಾಯಿತು. ವಯಸ್ಸಿಗೆ ತಕ್ಕ ಕಂತನ್ನು ಗಣಿತದ ಆಧಾರದಿಂದ ನಿಗದಿ ಮಾಡಿತು. ‘ಆಕ್ಚುವರಿ’ ಎಂಬ ಪದವಿಯ ಹೆಸರು ವಿಮಾಲೋಕಕ್ಕೆ ಬಂದದ್ದೂ ಇಲ್ಲಿಂದಲೇ. ಇದೇ ಸಂಸ್ಥೆ 1957ರಿಂದ 1988ರವರೆಗೆ ಮಾರಿದ ಪಾಲಿಸಿಗಳಲ್ಲಿ, ನಿವೃತ್ತಿಯ ನಂತರ ಇಂತಿಷ್ಟು ದರದ ವರ್ಷಾಶನ ಖಚಿತ ಎಂದು ವಚನ ಕೊಟ್ಟಿತ್ತು. ಮುಂದೆ ಬಡ್ಡಿ ಇಳಿಯಿತು, ಜನರ ಆಯುಸ್ಸು ಬೆಳೆಯಿತು. ವಚನದಂತೆ ನಡೆಯಲೇಬೇಕೆಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 2000ದ ಜುಲೈನಲ್ಲಿ ತೀರ್ಪಿತ್ತಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸ್ಥೆ ಹೊಸ ವ್ಯವಹಾರಕ್ಕೆ ಬಾಗಿಲು ಮುಚ್ಚಿತು. ಮುಪ್ಪಿಗೆಂದು ಹಣ ಕೂಡಿಟ್ಟಿದ್ದ ಅಸಂಖ್ಯಾತ ಕುಟುಂಬಗಳು ನಷ್ಟ ಅನುಭವಿಸಿದವು. ಪರೀಕ್ಷೆಯ ಹಾಳೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ಮುದುಕರ ಊಟದ ಹಣ. ಊಹೆಯನ್ನು ತೂಗಿ ನೋಡುವ ವಿವೇಕ ಪುಸ್ತಕದಿಂದ ಮಾತ್ರ ಬರುವುದಿಲ್ಲ ಎಂಬುದು ಆದ್ದರಿಂದಲೇ.

ವಾಟರ್‌ಲೂ ನಗರದ ಪದ್ಧತಿ

ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಟರ್‌ಲೂ ಮೊದಲಿನಿಂದಲೂ ವಿಮಾ ಕಂಪನಿಗಳ ಊರು. ಅಲ್ಲಿನ ವಿಶ್ವವಿದ್ಯಾಲಯ 1957ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಆರಂಭವಾದಾಗಲೇ ‘ಕೋ-ಆಪ್’ ಎಂಬ ಪದ್ಧತಿಯನ್ನು ಅಳವಡಿಸಿಕೊಂಡಿತು. ಸಾಮಾನ್ಯವಾಗಿ ನಾಲ್ಕು ತಿಂಗಳು ತರಗತಿ, ನಾಲ್ಕು ತಿಂಗಳು ಉದ್ಯಮದಲ್ಲಿ ಕೆಲಸ, ಹೀಗೆ ಸರದಿ. 1967ರಲ್ಲಿ ಗಣಿತಕ್ಕೇ ಒಂದು ಪ್ರತ್ಯೇಕ ನಿಕಾಯ ಏರ್ಪಟ್ಟಿತು. ವಿಮಾಗಣಿತದ ವಿದ್ಯಾರ್ಥಿಗಳೂ ಈ ಸರದಿಯಲ್ಲಿ ಓದುತ್ತಾರೆ.

ಕೆಲಸವನ್ನು ಯಾರೂ ಕೈಗಿಡುವುದಿಲ್ಲ. ವಿದ್ಯಾರ್ಥಿಯೇ ಅರ್ಜಿ ಹಾಕಿ ಸಂದರ್ಶನ ಎದುರಿಸಬೇಕು. ಸಂಬಳ ಉಂಟು. ಅವಧಿ ಮುಗಿದಾಗ ಕಂಪನಿ ವಿದ್ಯಾರ್ಥಿಯ ಮೌಲ್ಯಮಾಪನ ಮಾಡುತ್ತದೆ. ಒಮ್ಮೆ ಜೀವವಿಮೆ, ಇನ್ನೊಮ್ಮೆ ಪಿಂಚಣಿ, ಮತ್ತೊಮ್ಮೆ ವಾಹನ ವಿಮೆ ಎಂದು ಬೇರೆ ಬೇರೆ ಕಡೆ ದುಡಿದವನಿಗೆ ತನಗೆ ಒಗ್ಗುವುದು ಯಾವುದೆಂದು ಪದವಿಗೆ ಮೊದಲೇ ತಿಳಿಯುತ್ತದೆ. ಕಷ್ಟವೂ ಇದೆ. ನಾಲ್ಕು ವರ್ಷದ ಪದವಿ ಐದು ವರ್ಷದ ಸಮೀಪಕ್ಕೆ ಹೋಗುತ್ತದೆ. ಬೇಸಗೆ ರಜೆ ಎಂಬುದು ಹೆಸರಿಗೂ ಉಳಿಯುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಬೇಕಾಗಬಹುದು.

ಬ್ರಿಟನ್ನಿನದು ಬೇರೆ ಕ್ರಮ. ಅಲ್ಲಿನ ಕೆಂಟ್ ವಿಶ್ವವಿದ್ಯಾಲಯದಂಥ ಕಡೆ ಅಂತಿಮ ವರ್ಷಕ್ಕೆ ಮೊದಲು ಒಂದು ಇಡೀ ವರ್ಷ ಉದ್ಯಮದಲ್ಲಿ ಕಳೆಯುವ ಅವಕಾಶವಿದೆ. ಎರಡು ಬ್ರೆಡ್ಡಿನ ನಡುವಿನ ಪಲ್ಯದಂತೆ ಓದಿನ ನಡುವೆ ಕೆಲಸ ಬರುವುದರಿಂದ ಇದಕ್ಕೆ ‘ಸ್ಯಾಂಡ್‌ವಿಚ್’ ಎಂದೇ ಹೆಸರು.

ಕಚೇರಿ ಕಲಿಸುವುದೇನು?

ಒಂದು ಸರಳ ಲೆಕ್ಕ ನೋಡೋಣ. ಒಂದು ಕಂಪನಿಯಲ್ಲಿ ಜನವರಿ 1ರಂದು 1000 ಪಾಲಿಸಿದಾರರಿದ್ದರು. ಜುಲೈ 1ರಂದು ಮತ್ತೆ 1000 ಮಂದಿ ಸೇರಿದರು. ಆ ವರ್ಷ ಸತ್ತವರು 6 ಮಂದಿ. 2000ದಿಂದ ಭಾಗಿಸಿದರೆ ಮರಣ ಪ್ರಮಾಣ ಸಾವಿರಕ್ಕೆ 3. ಆದರೆ ಜುಲೈನಲ್ಲಿ ಬಂದವರು ಕಂಪನಿಯ ಲೆಕ್ಕದಲ್ಲಿದ್ದದ್ದು ಅರ್ಧ ವರ್ಷ ಮಾತ್ರ. ಅವರನ್ನು 500 ಎಂದು ಎಣಿಸಬೇಕು. ಆಗ ಭಾಜಕ 1500. ಪ್ರಮಾಣ ಸಾವಿರಕ್ಕೆ 4. ಮೂರೆಂದು ನಂಬಿ ಕಂತು ನಿಗದಿ ಮಾಡಿದರೆ, ಕೊಡಬೇಕಾದ ಪರಿಹಾರದಲ್ಲಿ ಕಾಲು ಭಾಗಕ್ಕೆ ಹಣವೇ ಇರುವುದಿಲ್ಲ.

ಪುಸ್ತಕದಲ್ಲಿ ಇದು ಅರ್ಧ ಪುಟದ ಪಾಠ. ಕಚೇರಿಯಲ್ಲಿ ದಿನಾಂಕಗಳೇ ಸರಿಯಿರುವುದಿಲ್ಲ. ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿರಬಹುದು. ಕಂತು ನಿಲ್ಲಿಸಿದವನು ಇನ್ನೂ ಪಟ್ಟಿಯಲ್ಲಿ ಉಳಿದಿರಬಹುದು. ನಮ್ಮ ನಾಡಿನಲ್ಲೇ ನೋಡಿ: ಹಳೆಯ ತಲೆಮಾರಿನ ಎಷ್ಟೋ ಜನರ ಜನ್ಮದಿನ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಕದು! ಅಂಥ ಅಂಕಿಗಳನ್ನು ನೋಡಿದೊಡನೆ ‘ಇದೇನೋ ಅನುಮಾನಾಸ್ಪದ’ ಎನಿಸಬೇಕು. ಅದು ದಾಖಲೆಗಳನ್ನು ಕೈಯಾರೆ ತಿದ್ದಿದವರಿಗೆ ಬರುವ ಗುಣ. ಲೆಕ್ಕದ ಫಲಿತಾಂಶವನ್ನು ಗಣಿತ ಓದದ ಮ್ಯಾನೇಜರಿಗೆ ಸರಳವಾಗಿ ತಿಳಿಸಿ ಹೇಳುವುದನ್ನೂ ಇಲ್ಲಿಯೇ ಕಲಿಯಬೇಕು.

ನಮ್ಮ ವಿದ್ಯಾರ್ಥಿಗಳಿಗೆ ದಾರಿ

ಭಾರತದಲ್ಲಿ ಆಕ್ಚುವರಿ ಎನಿಸಿಕೊಳ್ಳಲು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ದಾಟುವುದು ಪರಿಚಿತ ಮಾರ್ಗ. 1944ರಲ್ಲಿ ಸೊಸೈಟಿಯಾಗಿ ಹುಟ್ಟಿದ ಈ ಸಂಸ್ಥೆಗೆ 2006ರ ಆಕ್ಚುವರಿಗಳ ಕಾಯಿದೆ ಶಾಸನಬದ್ಧ ಸ್ಥಾನ ನೀಡಿತು. ದ್ವಿತೀಯ ಪಿಯುಸಿ ಮುಗಿಸಿದವರೂ ಇದರ ‘ಎಸಿಇಟಿ’ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲಿನ ಪತ್ರಿಕೆಗಳಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರ, ಹಣಕಾಸು, ಅರ್ಥಶಾಸ್ತ್ರ ಬರುತ್ತವೆ. ಪೂರ್ಣ ಸದಸ್ಯತ್ವಕ್ಕೆ ಪರೀಕ್ಷೆಗಳ ಜೊತೆಗೆ ಕೆಲಸದ ಅನುಭವವೂ ಬೇಕು. ಅನೇಕರು ಹಗಲು ದುಡಿದು ರಾತ್ರಿ ಓದುತ್ತಾರೆ. ವರ್ಷಗಟ್ಟಲೆ ಹಿಡಿಯುವ ಈ ದಾರಿಯಲ್ಲಿ ನಡುವೆಯೇ ಕೈಬಿಡುವವರೂ ಉಂಟು.

ಆದ್ದರಿಂದ ಗಣಿತ, ಸಂಖ್ಯಾಶಾಸ್ತ್ರಗಳಿರುವ ಪದವಿ ಓದುತ್ತಲೇ ಒಂದೆರಡು ಪತ್ರಿಕೆ ಬರೆದು ನೋಡುವುದು ಜಾಣತನ. ರಜೆಯಲ್ಲಿ ವಿಮೆ, ಬ್ಯಾಂಕು ಅಥವಾ ಅಂಕಿಸಂಖ್ಯೆಗಳ ಕಚೇರಿಯೊಂದರಲ್ಲಿ ತರಬೇತಿ ಕೇಳಿ. ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆಗಳನ್ನು ಬಳಸಲು ಕಲಿಯಿರಿ. ವಿದೇಶದ ಕೋರ್ಸಿಗೆ ಹೋಗುವವರು ಕೆಲಸದ ಅವಧಿ ಖಚಿತವೋ ಅಥವಾ ಸ್ವಂತ ಪ್ರಯತ್ನದಿಂದ ಗಳಿಸಬೇಕಾದದ್ದೋ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.

ಅಷ್ಟರವರೆಗೆ ಮನೆಯಲ್ಲೇ ಒಂದು ಅಭ್ಯಾಸ ಮಾಡಬಹುದು. ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಕಚೇರಿ ಪ್ರಕಟಿಸುವ ಜೀವಿತ ಕೋಷ್ಟಕವನ್ನು ತೆಗೆದು ನಿಮ್ಮ ವಯಸ್ಸು, ನಿಮ್ಮ ತಾಯಿಯ ವಯಸ್ಸು, ಅಜ್ಜಿಯ ವಯಸ್ಸು ಇರುವ ಸಾಲುಗಳನ್ನು ಗುರುತಿಸಿ. ಮೂರೂ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಅವು ಏಕೆ ಹಾಗಿವೆ ಎಂದು ಕೇಳಿಕೊಳ್ಳುವ ಕುತೂಹಲ ಮೂಡಿದರೆ ಈ ವಿದ್ಯೆ ನಿಮಗೆ ಒಗ್ಗೀತು.