ಜಿಗಿಹುಳಕ್ಕೆ ಜೈವಿಕ ಔಷಧ: ಹೊತ್ತು ನೋಡಿ ಹೊಡೆಯಿರಿ

ನಮ್ಮದು ಧಾರವಾಡದ ಹತ್ತಿರ ಹೆಬ್ಬಳ್ಳಿ. ಮನೆಗೆ ವರ್ಷದ ದೊಡ್ಡ ರೊಕ್ಕ ಬರುವುದು 60 ಆಪೂಸು ಮಾವಿನ ಗಿಡಗಳಿಂದ. ಹೂ ಬಿಟ್ಟಾಗಲೇ ಗುತ್ತಿಗೆಯವರು ಬಂದು ತೋಟ ನೋಡಿ ರೇಟು ಹೇಳುತ್ತಾರೆ. ಆ ಹೊತ್ತಿಗೆ ಜಿಗಿಹುಳ ಬಿದ್ದು ಗೊಂಚಲು ಕರ್ರಗಾಗಿದ್ದರೆ ಮುಗೀತು, ಅವರು ಹೇಳಿದ್ದೇ ರೇಟು.

ಐದಾರು ವರ್ಷದ ಹಿಂದೆ ನನಗೂ ಹಾಗೇ ಆಯ್ತು. ವಿಷ ಬಿಡಬೇಕು ಅಂತ ಮೆಟಾರೈಜಿಯಂ ಪುಡಿ ತಂದಿದ್ದೆ. ಜನವರಿ ತಿಂಗಳು, ಮುಂಜಾನೆ 11 ಗಂಟೆ, ಚುರುಚುರು ಬಿಸಿಲು. ಹಿಂದಿನ ದಿನ ಬೂದಿರೋಗದ ಔಷಧ ಕಲೆಸಿದ್ದ ಬ್ಯಾರಲ್‌ನಲ್ಲೇ ಇದನ್ನೂ ಕಲೆಸಿ ಹೊಡೆಸಿದೆ. ವಾರ ಕಳೆದರೂ ಗಿಡ ಅಲುಗಿಸಿದರೆ ಹುಳ ಮುಖಕ್ಕೇ ಹಾರುತ್ತಿದ್ದವು. ‘ಇದು ಬರೇ ಸುಣ್ಣದ ಪುಡಿ ಐತಿ, ನಮಗ ಟೊಪ್ಪಿಗಿ ಹಾಕ್ಯಾರ’ ಅಂತ ಬೈದೆ. ಆಮೇಲೆ ತಿಳೀತು, ತಪ್ಪು ಪುಡಿಯದಲ್ಲ, ನನ್ನದು.

ಇದು ಜೀವ ಇರುವ ಔಷಧ

ಮಳೆಗಾಲದಲ್ಲಿ ಸೋಯಾ, ಶೇಂಗಾ ಎಲೆಗೆ ಅಂಟಿಕೊಂಡು ಬೆಳ್ಳಗೆ ಸೆಟೆದು ಸತ್ತ ಹುಳಗಳನ್ನು ನೀವೂ ನೋಡಿರಬಹುದು. ಅದು ನೊಮೂರಿಯಾ ಎಂಬ ಶಿಲೀಂಧ್ರದ ಕೆಲಸ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದನ್ನು ರೈತರ ಹೊಲಕ್ಕೆ ತಂದರು. ಮೆಟಾರೈಜಿಯಂ ಕೂಡ ಅದೇ ಜಾತಿಯದು. ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1879ರಲ್ಲೇ ಇದನ್ನು ಗೋಧಿಯ ದುಂಬಿಯ ಮೇಲೆ ಪ್ರಯೋಗಿಸಿ ನೋಡಿದ್ದರು.

ಇದನ್ನು ಹುಳ ತಿನ್ನಬೇಕಾಗಿಲ್ಲ. ಬೀಜಕಣ ಹುಳದ ಮೈಮೇಲೆ ಬಿದ್ದು, ಮೊಳೆತು, ಚರ್ಮ ತೂರಿ ಒಳಗೆ ಬೆಳೆಯುತ್ತದೆ. ಬೀಜ ಮೊಳೆಯಲು ಹಸಿ ಬೇಕಲ್ಲ, ಹಾಗೇ ಇದಕ್ಕೂ ತೇವ ಬೇಕು. ಬಿರುಬಿಸಿಲಿಗೆ ಬಿದ್ದರೆ ಮೊಳೆಯುವ ಮೊದಲೇ ಸಾಯುತ್ತದೆ. ಮೊಳೆತ ಮೇಲೂ ಹುಳ ಸಾಯಲು ನಾಲ್ಕಾರು ದಿನ ಬೇಕು, ಚಳಿ ಹೆಚ್ಚಿದ್ದರೆ ಇನ್ನೂ ತಡ. ಮರುದಿನವೇ ಬೈಯಬೇಡಿ.

ಹುಳದ ಲೆಕ್ಕ

ಹೂ ಇಲ್ಲದ ಕಾಲದಲ್ಲಿ ಜಿಗಿಹುಳ ತೊಗಟೆಯ ಸೀಳಿನಲ್ಲಿ ಅಡಗಿರುತ್ತದೆ. ಗೊಂಚಲು ಹೊರಟ ಕೂಡಲೇ ಅದರ ದಂಟು, ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ. ವಾರದೊಳಗೆ ಮರಿ ಬಂದು ರಸ ಹೀರುತ್ತದೆ. ಅದು ಬಿಡುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮರಿಗೆ ರೆಕ್ಕೆ ಇಲ್ಲ, ಹಾರಿ ತಪ್ಪಿಸಿಕೊಳ್ಳಲಾರದು. ನಮ್ಮ ಪೆಟ್ಟು ಬೀಳಬೇಕಾದ್ದು ಆಗಲೇ.

ನಾನು ಈಗ ಮಾಡುವ ಕ್ರಮ

1. ಕಾಯಿ ಕಿತ್ತ ಮೇಲೆ ಒಳಗಿನ ಒತ್ತಾದ ಟೊಂಗೆ ಕಡಿದು ಬೆಳಕು ಬಿಡುತ್ತೇನೆ. ಜಿಗಿಗೆ ನೆರಳು ಅಂದರೆ ಪ್ರೀತಿ.

2. ಮಳೆ ಮುಗಿಯುವ ಹೊತ್ತಿಗೆ, ನೆಲದಲ್ಲಿ ಹಸಿ ಇದ್ದಾಗಲೇ, ಕಾಂಡ ಮತ್ತು ದೊಡ್ಡ ಟೊಂಗೆ ತೊಯ್ಯುವಂತೆ ಮೆಟಾರೈಜಿಯಂ ಒಂದು ಸಲ.

3. ಗೊಂಚಲು ಬೆರಳುದ್ದ ಆದಾಗ ದಿನಾ ಹತ್ತು ಗಿಡ ನೋಡುತ್ತೇನೆ. ಗೊಂಚಲಿಗೆ ಎರಡು-ಮೂರು ಹುಳ ಕಂಡರೆ ಪಂಪು ಹೊರಗೆ. 7 ದಿನ ಬಿಟ್ಟು ಇನ್ನೊಂದು ಸಲ.

4. ಹೂ ಪೂರ್ತಿ ಅರಳಿದಾಗ ಏನೂ ಹೊಡೆಯುವುದಿಲ್ಲ. ಮಾವಿನ ಕಾಯಿ ಕಚ್ಚಲು ನೊಣ, ಜೇನು ಬೇಕು.

5. ಮಿಡಿ ಕಟ್ಟಿದ ಮೇಲೂ ಮರಿ ಕಂಡರೆ ಬೇವು. ಬೇವಿನ ಬೀಜದ ತಿರುಳು 5 ಕಿಲೋ ಜಜ್ಜಿ, ರಾತ್ರಿ ನೀರಲ್ಲಿ ನೆನೆಹಾಕಿ, ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸಾಬೂನು ಕಲೆಸಿ ಅದೇ ದಿನ ಸಂಜೆ ಮುಗಿಸಬೇಕು. ಬೇವಿಗೂ ಬಿಸಿಲು ಆಗಿಬರದು.

ಶಿಲೀಂಧ್ರದ ಸಿಂಪರಣೆ ಯಾವಾಗಲೂ ಸಂಜೆ 5ರ ಮೇಲೆ. ರಾತ್ರಿ ಇಬ್ಬನಿ ಬೀಳುವ ಲಕ್ಷಣ ಇರಬೇಕು. ಒಣ ಮೂಡಗಾಳಿ ಬೀಸುತ್ತಿದ್ದರೆ ಎರಡು ದಿನ ತಡೆಯುತ್ತೇನೆ. ಮೋಡ ಮುಸುಕಿ ಮಂಜು ಬಿದ್ದರೆ ಜಿಗಿಗೂ ಹಬ್ಬ, ಬೂದಿರೋಗಕ್ಕೂ ಹಬ್ಬ. ಶಿಲೀಂಧ್ರಕ್ಕೂ ಅದೇ ಹಬ್ಬ, ಆ ದಿನ ಬಿಡಬೇಡಿ.

ಬ್ಯಾರಲ್, ಪಂಪು ಬೇರೆಯೇ ಇರಲಿ. ಬೂದಿರೋಗಕ್ಕೆ ಗಂಧಕ ಬೇಕೇ ಬೇಕಾದರೆ ಎರಡರ ನಡುವೆ ವಾರದ ಅಂತರ ಬಿಡಿ. ಆ ಔಷಧ ಇರುವುದೇ ಶಿಲೀಂಧ್ರ ಕೊಲ್ಲಲಿಕ್ಕೆ. ಪಾಕೀಟಿನ ತಾರೀಖು ನೋಡಿ ಕೊಳ್ಳಿ, ಪೇಟೆಯಿಂದ ತರುವಾಗ ಬಿಸಿಲಿಗೆ ಇಡಬೇಡಿ. ಪ್ರಮಾಣ ಅದರ ಮೇಲೆ ಬರೆದಷ್ಟೇ. ಹೊತ್ತು ತಪ್ಪಿದರೆ ಎರಡು ಪಟ್ಟು ಹಾಕಿದರೂ ವ್ಯರ್ಥ.

ಒಂದು ಮಾತು. ಗೊಂಚಲಿಗೆ ಹತ್ತಿಪ್ಪತ್ತು ಹುಳ ಆದ ಮೇಲೆ ಇದರಿಂದ ಪವಾಡ ಆಗುವುದಿಲ್ಲ. ನನ್ನ ತೋಟದಲ್ಲೂ ಜಿಗಿ ಪೂರ್ತಿ ಹೋಗಿಲ್ಲ. ಆದರೆ ಗೊಂಚಲು ಕರ್ರಗಾಗುವುದು ನಿಂತಿದೆ. ಹೋದ ವರ್ಷ ಗುತ್ತಿಗೆಯವರು ಬಂದಾಗ ರೇಟು ಮೊದಲು ಹೇಳಿದವನು ನಾನು.

ನಿಮ್ಮ ಕಡೆ ಯಾವ ಹೊತ್ತು ಹೊಂದಿಬಂತು, ಬರೆದು ತಿಳಿಸಿರಿ.