ಕರಪತ್ರಕ್ಕೆ ಮುಂಚಿನ ಕೆಲಸ

ಜನರ ರೂಢಿಗಳನ್ನೂ ಅವರು ಬದುಕುವ ಪರಿಸರವನ್ನೂ ಅರಿತು, ರೋಗ ಬಾರದಂತೆ ತಡೆಯುವ ಕಾರ್ಯಕ್ರಮಗಳನ್ನು ಯೋಜಿಸಿ, ನಡೆಸಿ, ಅವುಗಳ ಫಲವನ್ನು ಅಳೆಯುವ ವೃತ್ತಿಗೆ ಆರೋಗ್ಯ ಶಿಕ್ಷಣ ಎಂದು ಹೆಸರು. ಕರ್ನಾಟಕದಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ ಎಂಬ ಸರ್ಕಾರಿ ಹುದ್ದೆಯ ಮೂಲಕ ಪರಿಚಿತವಾಗಿರುವ ಈ ಕೆಲಸಕ್ಕೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಸ್ನಾತಕ ಪದವಿಯೇ ಇದ್ದು, ಅದರ ಕೊನೆಯ ಘಟ್ಟದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೌಂಟಿಯ, ಅಂದರೆ ಹೆಚ್ಚುಕಡಿಮೆ ಜಿಲ್ಲೆಯಂಥ ಆಡಳಿತ ಘಟಕದ ಆರೋಗ್ಯ ಇಲಾಖೆಯಲ್ಲೋ, ಆಸ್ಪತ್ರೆಯಲ್ಲೋ, ಸ್ವಯಂಸೇವಾ ಸಂಸ್ಥೆಯಲ್ಲೋ ನೂರಾರು ಗಂಟೆಗಳ ಇಂಟರ್ನ್‌ಶಿಪ್ ಮುಗಿಸಬೇಕಾಗುತ್ತದೆ.

ತರಗತಿಯ ಪಾಠವೊಂದೇ ಸಾಲದು ಎಂಬುದಕ್ಕೆ ಈ ಶಾಸ್ತ್ರದ ಇತಿಹಾಸದಲ್ಲೇ ಕಾರಣವಿದೆ. 1950ರ ದಶಕದಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ಕ್ಷಯವನ್ನು ಬೇಗ ಪತ್ತೆಹಚ್ಚಲೆಂದು ಎಕ್ಸ್‌ರೇ ಯಂತ್ರ ಹೊತ್ತ ವಾಹನಗಳನ್ನು ಬಡಾವಣೆಗಳಿಗೇ ಕಳುಹಿಸಿದರೂ ಬಹಳ ಮಂದಿ ಅತ್ತ ಸುಳಿಯಲಿಲ್ಲ. ಇದೇಕೆಂದು ಅಧ್ಯಯನ ಮಾಡಿದ ಮನೋವಿಜ್ಞಾನಿ ಗಾಡ್‌ಫ್ರಿ ಹಾಕ್‌ಬಾಮ್ ಅವರಿಗೆ, ತಮಗೂ ಈ ರೋಗ ತಗಲಬಹುದು, ಬೇಗ ಗೊತ್ತಾದರೆ ಪ್ರಯೋಜನವಿದೆ ಎಂಬ ಎರಡು ನಂಬಿಕೆಗಳೂ ಇದ್ದವರೇ ಹೆಚ್ಚಾಗಿ ತಪಾಸಣೆಗೆ ಬಂದಿದ್ದರೆಂಬುದು ಕಂಡುಬಂತು. 'ಆರೋಗ್ಯ ನಂಬಿಕೆ ಮಾದರಿ' ಎಂಬ ಪ್ರಸಿದ್ಧ ಸಿದ್ಧಾಂತ ಬೆಳೆದದ್ದು ಇಂಥ ಶೋಧನೆಗಳಿಂದಲೇ.

ಹೀಗಾಗಿ ಒಳ್ಳೆಯ ಇಂಟರ್ನ್‌ಶಿಪ್ಪಿನ ಮೊದಲ ಹೆಜ್ಜೆ ಅಗತ್ಯಗಳ ಸಮೀಕ್ಷೆ; ಭಾಷಣದ ಸರದಿ ಬಹಳ ಆಮೇಲಿನದು. ಮಧುಮೇಹಿಗಳು ತಪಾಸಣೆಗೆ ಬಾರದಿರುವುದು ತಿಳಿವಳಿಕೆ ಇಲ್ಲದೆಯೋ, ಭಯದಿಂದಲೋ, ಇಲ್ಲವೇ ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲಿ ಆ ದಿನದ ಸಂಬಳ ಬಿಟ್ಟು ಬರಲಾಗದೆಯೋ ಎಂಬುದನ್ನು ವಿದ್ಯಾರ್ಥಿ ಜನರನ್ನು ಮಾತನಾಡಿಸಿಯೇ ತಿಳಿಯಬೇಕು. ಲಾರೆನ್ಸ್ ಗ್ರೀನ್ 1970ರ ದಶಕದಲ್ಲಿ ರೂಪಿಸಿದ 'ಪ್ರಿಸೀಡ್' ಮಾದರಿಯು ಇಂಥ ಕಾರಣಗಳನ್ನು ಮೂರಾಗಿ ವಿಂಗಡಿಸುತ್ತದೆ: ಮನಸ್ಸನ್ನು ಮೊದಲೇ ಒಂದೆಡೆ ವಾಲಿಸುವವು, ಕೆಲಸ ಕೈಗೂಡಿಸುವವು, ಹಿಡಿದ ರೂಢಿಯನ್ನು ಉಳಿಸುವವು. ತೊಡಕಿರುವುದು ಎರಡನೆಯದರಲ್ಲಾದರೆ ಎಷ್ಟು ಕರಪತ್ರ ಹಂಚಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬದಲಾಗಬೇಕಾದದ್ದು ಕ್ಲಿನಿಕ್ಕಿನ ವೇಳೆ. ಇದನ್ನು ತೋರಿಸಿಕೊಡಬೇಕಾದವರು 'ಪ್ರಿಸೆಪ್ಟರ್', ಅಂದರೆ ಆ ಸಂಸ್ಥೆಯಲ್ಲೇ ದುಡಿಯುವ ಅನುಭವಿ ಮಾರ್ಗದರ್ಶಕರು. ಅವರು ವಿದ್ಯಾರ್ಥಿಯನ್ನು ಜೆರಾಕ್ಸ್ ಯಂತ್ರದ ಮುಂದೆ ನಿಲ್ಲಿಸಿಬಿಟ್ಟರೆ ಗಂಟೆಗಳೇನೋ ಭರ್ತಿಯಾಗುತ್ತವೆ, ಕಲಿಕೆ ಮಾತ್ರ ಆಗದು.

ಪದವಿಯ ಬಳಿಕ ಪ್ರಮಾಣಪತ್ರ ಬಯಸುವವರಿಗೆ, 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆಯೋಗವೊಂದು 165 ಪ್ರಶ್ನೆಗಳ ಪರೀಕ್ಷೆ ನಡೆಸುತ್ತದೆ. ಸಮೀಕ್ಷೆಯಿಂದ ವೃತ್ತಿನೀತಿಯವರೆಗಿನ ಎಂಟು ಹೊಣೆಗಾರಿಕೆಗಳನ್ನು ಅದು ಒಳಗೊಂಡಿದೆ.

ಈ ವ್ಯವಸ್ಥೆಯ ದೊಡ್ಡ ಕುಂದು ಹಣದ್ದು. ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾದ್ದರಿಂದ ವಿದ್ಯಾರ್ಥಿ ಅದಕ್ಕೂ ಶುಲ್ಕ ಕಟ್ಟುತ್ತಾನೆ, ಆದರೆ ಎಷ್ಟೋ ಕಡೆ ಅವನ ದುಡಿಮೆಗೆ ಸಂಬಳವಿಲ್ಲ. ಸಂಜೆ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು ಓದುವವರಿಗೆ ಇದು ಎರಡು ಪಟ್ಟು ಹೊರೆ. ಬಡ ಬಡಾವಣೆಗಳ ಕಷ್ಟವನ್ನು ಹುಟ್ಟಿನಿಂದಲೇ ಬಲ್ಲವರು ಇವರೇ ಆಗಿರುವಾಗ, ಇವರಿಗೆ ಭತ್ಯೆ ಕೊಡುವುದನ್ನು ವಿಶ್ವವಿದ್ಯಾಲಯಗಳೂ ಇಲಾಖೆಗಳೂ ಔದಾರ್ಯವೆಂದು ಭಾವಿಸದೆ ಖರ್ಚಿನ ಬಾಬತ್ತಿನಲ್ಲೇ ಸೇರಿಸಬೇಕು.