ನೆಲ ನಡುಗಿದರೆ ‘ಗಣಿ ಬಿಡಣ್ಣ’ ಎನ್ನುವ ಕಾಲ ಹೋಯಿತು!

ಕ್ಯಾಸಂಬಳ್ಳಿ: ಅಟ್ಟದ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎಂದರೆ, ಕೊಟ್ಟಿಗೆಯಲ್ಲಿ ಮಲಗಿದ್ದ ಹಸು ತಟ್ಟನೆ ಎದ್ದು ನಿಂತರೆ, ಯಾರೋ ಹಿಡಿದೆಳೆದಂತೆ ಮಂಚ ಅಲುಗಿದರೆ ಬೇರೆ ಊರಿನ ಜನ ‘ಅಯ್ಯೋ ಭೂಕಂಪ!’ ಎಂದು ಬೀದಿಗೆ ಓಡಿ ಬರುತ್ತಾರೆ. ಈ ಭಾಗದ ಹಿರಿಯರ ರೀತಿಯೇ ಬೇರೆ.

“ಏನಣ್ಣಾ, ನೆಲ ಅದುರ್ತಲ್ಲ?”

“ಗಣಿ ಒಳಗೆ ಕಲ್ಲು ಸಿಡಿದೈತೆ, ಬಿಡಣ್ಣ. ಟೀ ಕುಡಿ.”

ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಟೀ ಅಂಗಡಿಯ ಬೆಂಚಿನಲ್ಲಿ ಕೂತವರು ಎದ್ದೂ ನೋಡುತ್ತಿರಲಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಕಲೆತ ಈ ಸೀಮೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಒಂದೇ: ಗಣಿ!

ಆದರೆ ಆ ಗಣಿ ಮುಚ್ಚಿ ಕಾಲು ಶತಮಾನವಾಯಿತು. 2001ರ ಫೆಬ್ರವರಿ 28ಕ್ಕೆ ಕೋಲಾರ ಚಿನ್ನದ ಗಣಿಗೆ ಬೀಗ ಬಿತ್ತು. ಬಾಯಿಗೆ ಬಂದ ಹಳೆಯ ಉತ್ತರ ಮಾತ್ರ ಹಾಗೇ ಉಳಿದುಬಿಟ್ಟಿದೆ. ಈಗ ನೆಲ ನಡುಗಿದರೆ ಅದು ಗಣಿಯೋ, ನಿಜವಾದ ಭೂಕಂಪವೋ? ಈ ಪ್ರಶ್ನೆ ಕೇಳದೆ ಟೀ ಕುಡಿಯುತ್ತಾ ಕೂತರೆ ಒಂದು ದಿನ ಅನಾಹುತವಾದೀತು.

ಕಲ್ಲು ಸಿಡಿಯುವುದೆಂದರೇನು?

ಚಾಂಪಿಯನ್ ರೀಫ್ ಗಣಿ ಇಳಿದಿದ್ದು ನೆಲದಿಂದ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ. ಪ್ರಪಂಚದ ಅತಿ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರು ಸೇರಿತ್ತು. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಕೂತ ಬಂಡೆಯ ತೂಕ ಲೆಕ್ಕ ಹಾಕಿದರೆ 8,000 ಟನ್ನಿಗೂ ಮಿಗಿಲು! ಚಿನ್ನದ ಅದಿರು ತೆಗೆದ ಕಡೆ ನೆಲ ಪೊಳ್ಳಾಗುತ್ತದೆ. ಆ ಭಾರವೆಲ್ಲ ಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಬಂಡೆ ಮೆತ್ತಗಿದ್ದರೆ ನಿಧಾನವಾಗಿ ಬಗ್ಗೀತು. ಕೋಲಾರದ ಬಂಡೆ ಬಗ್ಗುವ ಜಾತಿಯದಲ್ಲ. ತಡೆದುಕೊಳ್ಳುವಷ್ಟು ತಡೆದುಕೊಂಡು ಒಂದೇ ಏಟಿಗೆ ಸಿಡಿಯುತ್ತದೆ.

ಇದಕ್ಕೆ ಗಣಿಯವರು ಇಟ್ಟ ಹೆಸರು ‘ರಾಕ್ ಬರ್ಸ್ಟ್’. ಬ್ರಿಟಿಷರ ಕಾಲದ ಹಳೆಯ ಕಾಗದಪತ್ರಗಳಲ್ಲಿ ‘ಏರ್ ಬ್ಲಾಸ್ಟ್’ ಎಂದೂ ಉಂಟು. ಮದ್ದು ಇಟ್ಟವರಿಲ್ಲ, ಬತ್ತಿ ಹಚ್ಚಿದವರಿಲ್ಲ. ಬಂಡೆ ತಾನೇ ಸಿಡಿದು ಸುರಂಗ ಮುಚ್ಚಿಹೋಗುತ್ತಿತ್ತು. ಮರದ ಆಸರೆ ಸಾಲದಾಯಿತು. ಕಗ್ಗಲ್ಲಿನ ಗೋಡೆ ಕಟ್ಟಿ ನೋಡಿದರು. ಆಮೇಲೆ ಪೊಳ್ಳು ಜಾಗಕ್ಕೆ ಕಾಂಕ್ರೀಟು ತುಂಬಿದರು. ಸಿಡಿತ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

1962ರ ನವೆಂಬರ್ 27ನ್ನು ಗಣಿ ಕಂಡವರು ಮರೆಯುವಂತಿಲ್ಲ. ಅಂದು ಚಾಂಪಿಯನ್ ರೀಫ್ ಗಣಿಯ ಗ್ಲೆನ್ ಎಂಬ ಭಾಗದಲ್ಲಿ ಆದ ಸಿಡಿತ ಆ ಗಣಿಯ ಚರಿತ್ರೆಯಲ್ಲೇ ದೊಡ್ಡವುಗಳಲ್ಲಿ ಒಂದು. ಒಂದೇ ಏಟಿಗೆ ಸುಮ್ಮನಾಗದೆ ನಡುಕಗಳ ಸಾಲೇ ಹಿಂದೆ ಬಂತು. ರಾಜ್ಯ ಸರ್ಕಾರದ ಕೈಲಿದ್ದ ಗಣಿಗಳು ಕೇಂದ್ರ ಸರ್ಕಾರದ ಕೈಗೆ ಹೋಗಿದ್ದು ಅದರ ಮರುತಿಂಗಳೇ.

ಲೈನ್ ಮನೆಗಳಲ್ಲಿ ನಡುಕದ ಅರ್ಥ ಬೇರೆಯೇ ಆಗಿತ್ತು. ಪಾತ್ರೆ ಸದ್ದಾದ ಕೂಡಲೇ ಹೆಂಗಸರು ಮೊದಲು ಲೆಕ್ಕ ಹಾಕುತ್ತಿದ್ದುದು: ‘ಮನೆಯವರು ಯಾವ ಶಿಫ್ಟು?’ ಕೆಳಗಿನ ಶಿಫ್ಟೆಂದರೆ ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಶಾಫ್ಟಿನ ಬಾಯಿಗೆ ಓಟ. ಕೇಜು ಮೇಲೆ ಬರುವವರೆಗೂ ಯಾರ ಜೀವದಲ್ಲೂ ಜೀವವಿಲ್ಲ. ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಲ್ಲಿ ‘ಗಣಿ ಬಿಡಣ್ಣ’ ಎಂದು ಹಗುರವಾಗಿ ತೇಲಿಸಿದ ನಡುಕ ಅಲ್ಲಿ ಯಾರದೋ ಮನೆಯ ದೀಪ ಆರಿಸಿರುತ್ತಿತ್ತು. ಇದನ್ನೂ ಮರೆಯಬಾರದು.

ಕಿವಿಗೊಟ್ಟು ಕೂತ ಯಂತ್ರಗಳು

ಈ ನಡುಕ ಅಳೆಯಲು ಕೋಲಾರದ ಗಣಿಯಲ್ಲಿ 20ನೇ ಶತಮಾನದ ಎರಡನೇ ದಶಕದಲ್ಲೇ ಕಂಪನಮಾಪಕ ಬಂತು. ಇಡೀ ದೇಶದಲ್ಲೇ ಇಂಥ ಯಂತ್ರಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. 1965ರಲ್ಲಿ ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಕೇಂದ್ರ ಶುರುವಾಯಿತು. ದೂರದ ದೇಶಗಳು ನೆಲದೊಳಗೆ ಅಣುಬಾಂಬು ಸಿಡಿಸಿದರೆ ಕಂಡುಹಿಡಿಯಬೇಕೆಂಬುದು ಅದರ ಉದ್ದೇಶ. ಪಕ್ಕದ ಕೋಲಾರದ ಗಣಿಯ ಸಿಡಿತವೂ ಅದಕ್ಕೆ ಕೇಳಿಸುತ್ತಿತ್ತು. 1970ರ ದಶಕದ ಕೊನೆಗೆ ಗಣಿಯ ಸುತ್ತಲೇ ಯಂತ್ರಗಳ ಜಾಲ ಹರಡಿ, ಯಾವ ಆಳದಲ್ಲಿ ಯಾವ ಮೂಲೆ ಸಿಡಿಯಿತೆಂದು ಗುರುತಿಸಲು ಸಾಧ್ಯವಾಯಿತು. 1988ರಲ್ಲಿ ಕೆ.ಜಿ.ಎಫ್.ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು.

ಗಣಿ ಮುಚ್ಚಿತು, ನೀರೆತ್ತುವ ಪಂಪುಗಳು ನಿಂತವು. ನೂರಿಪ್ಪತ್ತು ವರ್ಷ ಕೊರೆದ ಸುರಂಗಗಳಿಗೆ ನೀರು ತುಂಬಿತು. ಹಳೆಯ ಬಿರುಕಿಗೆ ನೀರು ಇಳಿದರೆ ಬಂಡೆಗೆ ಬಂಡೆಯ ಹಿಡಿತ ಸಡಿಲವಾಗುತ್ತದೆ. ಹೀಗಾಗಿ ಗಣಿ ನಿಂತರೂ ಸಣ್ಣಪುಟ್ಟ ನಡುಕ ನಿಲ್ಲಲಿಲ್ಲ. ಅಂದಮೇಲೆ ‘ಗಣಿ ಬಿಡಣ್ಣ’ ಎನ್ನುವವರ ಮಾತು ಪೂರಾ ಸುಳ್ಳೂ ಅಲ್ಲ. ತೊಂದರೆ ಇರುವುದೇ ಅಲ್ಲಿ! ಹತ್ತು ಸಲ ನಿಜವಾದ ಮಾತು ಹನ್ನೊಂದನೆಯ ಸಲ ಮೋಸ ಮಾಡುತ್ತದೆ.

ಗಡಿಯಾಚೆಯಿಂದ ಬಂದ ಎಚ್ಚರಿಕೆ

2021ರ ನವೆಂಬರ್ 29. ನಸುಕಿನ 4 ಗಂಟೆ ದಾಟಿತ್ತು. ವೆಲ್ಲೂರಿನಿಂದ ಪಶ್ಚಿಮ–ನೈಋತ್ಯಕ್ಕೆ ಸುಮಾರು 59 ಕಿ.ಮೀ. ದೂರದಲ್ಲಿ 3.6 ತೀವ್ರತೆಯ ಭೂಕಂಪ ದಾಖಲಾಯಿತು. ವೆಲ್ಲೂರಿನಿಂದ ಪಶ್ಚಿಮಕ್ಕೆಂದರೆ ಈ ಕಡೆಗೇ ಬಂದ ಹಾಗೆ. ಕ್ಯಾಸಂಬಳ್ಳಿಯಿಂದ ನೇರ ಗೆರೆ ಎಳೆದರೆ 60 ಕಿ.ಮೀ. ಒಳಗೇ ಆ ಜಾಗ. ಆಳ ಸುಮಾರು 25 ಕಿ.ಮೀ. ಗಣಿಯ ಆಳ ಮೂರು ಚಿಲ್ಲರೆ. ಇದರ ಆಳ ಇಪ್ಪತ್ತೈದು. ಇದಕ್ಕೂ ಗಣಿಗೂ ಎತ್ತಣ ಸಂಬಂಧ?

ಅದೇ ವರ್ಷ ಡಿಸೆಂಬರ್ 22ರ ಬೆಳಿಗ್ಗೆ 7ರ ಮೇಲೆ ಚಿಕ್ಕಬಳ್ಳಾಪುರ ಕಡೆ ಎರಡು ನಡುಕಗಳು ಕೆಲವೇ ನಿಮಿಷದ ಅಂತರದಲ್ಲಿ ಬಂದವು. ಒಂದು 2.9, ಇನ್ನೊಂದು 3.0. ಅಲ್ಲಿ ಚಿನ್ನದ ಗಣಿ ಇಲ್ಲ. ದೂರಲು ಯಾರೂ ಸಿಕ್ಕಲಿಲ್ಲ! ಜನ ಮನೆ ಬಿಟ್ಟು ಹೊರಗೆ ಬಂದು ನಿಂತರು.

ಹಿಂದೆಯೂ ಹೀಗೆ ಆಗಿದೆ. 1900ರ ಫೆಬ್ರವರಿ 8ರಂದು ಕೊಯಮತ್ತೂರು ಕಡೆಯ ಭೂಕಂಪ ದಕ್ಷಿಣ ಭಾರತವನ್ನೆಲ್ಲ ಅಲುಗಿಸಿತು. ಅದರ ತೀವ್ರತೆ ಸುಮಾರು 6 ಎಂದು ಅಂದಾಜು. 1984ರ ಮಾರ್ಚ್ 20ರಂದು ಬೆಂಗಳೂರಿನ ದಕ್ಷಿಣಕ್ಕೆ ಸುಮಾರು 4.6ರ ಭೂಕಂಪವಾಯಿತು. ಅಪರೂಪ, ನಿಜ. ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ.

ಕಿಲ್ಲಾರಿಯೂ ‘ಭಯವಿಲ್ಲದ’ ಊರಾಗಿತ್ತು

2002ರಲ್ಲಿ ಪರಿಷ್ಕರಿಸಿದ ಭೂಕಂಪ ನಕ್ಷೆಯಲ್ಲಿ ಕೋಲಾರ ಇದ್ದುದು ಎರಡನೇ ವಲಯದಲ್ಲಿ. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ. ಸಂತೋಷ. ಆದರೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲೇ ಇತ್ತು!

1993ರ ಸೆಪ್ಟೆಂಬರ್ 30. ಗಣಪತಿ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ 4 ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ನೆಲ ನಡುಗಿತು. ಸತ್ತವರು ಸುಮಾರು 10 ಸಾವಿರ. ತೀವ್ರತೆ 6.2ರ ಆಸುಪಾಸು. ವೆಲ್ಲೂರು ಕಡೆಯ 3.6ರ ನಡುಕಕ್ಕೆ ಹೋಲಿಸಿದರೆ ಶಕ್ತಿ ಸುಮಾರು 8 ಸಾವಿರ ಪಟ್ಟು. ಒಂದು ಅಂಕಿ ಏರಿದರೆ ಶಕ್ತಿ ಹೆಚ್ಚುಕಡಿಮೆ 32 ಪಟ್ಟು ಏರುವ ಲೆಕ್ಕ ಇದು.

ಆದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬರೀ ಭೂಮಿಯೇ? ಅಲ್ಲ. ದಪ್ಪ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆ ಸಡಿಲವಾಯಿತು, ಮಾಳಿಗೆ ಮಲಗಿದ್ದವರ ಎದೆಯ ಮೇಲೆ ಬಿತ್ತು.

ಈಗ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆಯ ಹಳೆಯ ಮನೆಗಳನ್ನು ಒಂದು ಸಲ ನೋಡಬೇಕು. ಕೋಲಾರ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಗೋಡೆ ಕಲ್ಲು, ಸೂರೂ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ತಂಪು, ಮಳೆಗೆ ಭದ್ರ, ಅಜ್ಜ ಕಟ್ಟಿದ್ದು ಮೊಮ್ಮಗನಿಗೂ ಆಗುತ್ತದೆ. ಎಲ್ಲ ಸರಿ. ಆದರೆ ಗೋಡೆಯೊಳಗಿನ ಮಣ್ಣು ಉದುರಿ, ಚಪ್ಪಡಿಯ ತುದಿ ಗೋಡೆಯ ಮೇಲೆ ನಾಲ್ಕು ಬೆರಳಷ್ಟೇ ಕೂತಿದ್ದರೆ? ಒಂದು ಚಪ್ಪಡಿ ಎತ್ತಲು ಎಷ್ಟು ಆಳು ಬೇಕೆಂದು ಕಟ್ಟಿದವರಿಗೆ ಗೊತ್ತು. ಅದು ಜಾರಿದರೆ ಕೆಳಗಿನ ಮಗುವಿನ ಗತಿ?

ಗುರುತಿಸುವುದು ಹೇಗೆ?

ಗಣಿಯ ಸಿಡಿತ ಸಾಮಾನ್ಯವಾಗಿ ‘ಢಂ’ ಎಂಬ ಒಂದೇ ಗುದ್ದು. ಹತ್ತಿರದವರಿಗೆ ಜೋರು, ಸ್ವಲ್ಪ ದೂರ ಹೋದರೆ ಸುದ್ದಿಯೇ ಇಲ್ಲ. ಭೂಕಂಪ ಮೊದಲು ಸಣ್ಣದಾಗಿ ಗುಡುಗಿ, ಆಮೇಲೆ ಅಕ್ಕಪಕ್ಕ ಜಗ್ಗುತ್ತದೆ. ಕುಪ್ಪಂ, ಕೋಲಾರ, ಮುಳಬಾಗಿಲು ಎಲ್ಲ ಕಡೆಯೂ ಒಂದೇ ಹೊತ್ತಿಗೆ ಗೊತ್ತಾಗುತ್ತದೆ. ಆದರೂ ನಡುಗುವ ಆ ಕ್ಷಣದಲ್ಲಿ ಯಾವುದೆಂದು ಕಿವಿಯಿಂದ ತೀರ್ಮಾನಿಸುವುದು ಯಂತ್ರಕ್ಕೆ ಬಿಟ್ಟ ಕೆಲಸ. ಮನುಷ್ಯರ ಕೆಲಸ ಮೊದಲು ತಲೆ ಉಳಿಸಿಕೊಳ್ಳುವುದು.

ಕಲ್ಲುಮಣ್ಣಿನ ನೆಲಮನೆಯಲ್ಲಿ ಬಾಗಿಲ ಹತ್ತಿರ ಇದ್ದವರು ತಕ್ಷಣ ಬಯಲಿಗೆ ಬರುವುದು ಮೇಲು. ಗಟ್ಟಿ ಕಾಂಕ್ರೀಟು ಕಟ್ಟಡದ ಒಳಗಿದ್ದವರು ಮೆಟ್ಟಿಲಿಗೆ ನುಗ್ಗದೆ ಗಟ್ಟಿ ಮೇಜಿನ ಕೆಳಗೆ ಸೇರಿ ತಲೆಗೆ ಕೈ ಅಡ್ಡ ಕೊಡಬೇಕು. ಬಸ್ಸಿನಲ್ಲಿದ್ದರೆ ಡ್ರೈವರ್ ಕರೆಂಟು ತಂತಿ, ಸೇತುವೆ, ದೊಡ್ಡ ಮರ ಬಿಟ್ಟು ಬಯಲಲ್ಲಿ ನಿಲ್ಲಿಸುವುದು, ಪ್ರಯಾಣಿಕರು ಕಿಟಕಿಯಿಂದ ಹಾರದೆ ಕೂತಿರುವುದು. ಮಾರಿಕುಪ್ಪಂ ರೈಲಿಗೆ ಓಡುವ ಆತುರ ಎಷ್ಟೇ ಇದ್ದರೂ ಹಳೆಯ ಗೋಡೆಯ ಬುಡದಲ್ಲಿ ನಿಲ್ಲಬಾರದು.

ಅಂಗಡಿಯವರಿಗೆ ಒಂದು ಮಾತು. ಎಣ್ಣೆ ಡಬ್ಬ, ಬೆಲ್ಲದ ಅಚ್ಚು, ಸಿಮೆಂಟ್ ಮೂಟೆ ಕೆಳಗಿರಲಿ. ಬಿಸ್ಕತ್ತು, ಬೀಡಿ ಕಟ್ಟು ಮೇಲಿರಲಿ. ಕಬ್ಬಿಣದ ರ‍್ಯಾಕನ್ನು ಎರಡು ಮೊಳೆ ಹೊಡೆದು ಗೋಡೆಗೆ ಬಿಗಿದರೆ ಖರ್ಚು ಎಷ್ಟಾದೀತು? ಒಂದು ದಿನದ ಚಿಲ್ಲರೆ ವ್ಯಾಪಾರಕ್ಕಿಂತ ಹೆಚ್ಚಲ್ಲ. ಹೊಸದಾಗಿ ಮನೆ ಕಟ್ಟುವವರು ಬಾಗಿಲು, ಕಿಟಕಿಯ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಓಡಿಸಿದರೆ ನಾಲ್ಕು ಗೋಡೆಯೂ ಒಂದನ್ನೊಂದು ಕೈ ಹಿಡಿದ ಹಾಗೆ ನಿಲ್ಲುತ್ತವೆ.

ಕೇಳಬೇಕಾದ್ದು ಕೇಳಲೇಬೇಕು

ಮನೆಯವರು ಮಾಡಿಕೊಳ್ಳುವುದು ಇಷ್ಟು. ಶಾಲೆ, ಅಂಗನವಾಡಿ, ಬಸ್ ನಿಲ್ದಾಣಗಳ ಹಳೆಯ ಸೂರನ್ನು ನೋಡುವವರು ಯಾರು? ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಹೋಬಳಿ ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದೆ. ಕಚೇರಿ ಹತ್ತಿರ ಬಂತು. ಕೆಲಸವೂ ಹತ್ತಿರ ಬರಬೇಡವೇ? ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೆಸುವಂತೆ, ವರ್ಷಕ್ಕೊಂದು ಸಲ ಸರ್ಕಾರಿ ಕಟ್ಟಡಗಳ ಚಪ್ಪಡಿ, ಗೋಡೆಗಳನ್ನು ಎಂಜಿನಿಯರ್ ಕೈಲಿ ನೋಡಿಸಬೇಕು. ನೆಲ ನಡುಗಿದ ಕೂಡಲೇ ಅದು ಗಣಿಯದೋ ಭೂಮಿಯದೋ ಎಂಬ ಮಾತು ಯಂತ್ರದಿಂದ ಹೋಬಳಿಗೆ, ಹೋಬಳಿಯಿಂದ ಹಳ್ಳಿಗೆ ತಲುಪುವ ದಾರಿ ಆಗಬೇಕು. ಹಾಗಾದರೆ ಗಾಳಿಮಾತಿಗೆ ಜಾಗವಿರುವುದಿಲ್ಲ.

ಗಣಿ ಇದ್ದಾಗ ನೆಲ ನಡುಗಿದರೆ ಶಾಫ್ಟಿನ ಬಾಯಿಗೆ ಹೋಗಿ ಕೇಳಬಹುದಿತ್ತು. ಹೇಳುವ ಜನ ಅಲ್ಲಿದ್ದರು. ಈಗ ಅಲ್ಲಿ ತುಕ್ಕು ಹಿಡಿದ ಗೋಪುರ, ಪಕ್ಕದಲ್ಲಿ ಸೈನೈಡ್ ದಿಬ್ಬ. ಕೇಳಿದರೆ ಉತ್ತರ ಕೊಡುವವರಿಲ್ಲ.

ಆದ್ದರಿಂದ ಮುಂದಿನ ಸಲ ಲೋಟಗಳು ಗಲಗಲ ಎಂದಾಗ ಟೀ ಆಮೇಲೆ ಕುಡಿಯಬಹುದು. ಮೊದಲು ಸೂರಿನ ಕೆಳಗಿಂದ ಆಚೆ ಬರುವುದು ಒಳ್ಳೆಯದು. ಗಣಿಯೇ ಆಗಿದ್ದರೆ ನಷ್ಟ ಒಂದು ಲೋಟ ಟೀ. ಗಣಿಯಲ್ಲದಿದ್ದರೆ ಉಳಿದದ್ದು ಜೀವ.